ದೇವಸಹಾಯಂ ಡಾಕ್ಟರ ಕತ್ತಿಗೆ ಆಯುಧಪೂಜೆ

ಗುಟ್ಟು ಕಾಪಾಡುತ್ತೇನೆಂದು ಮಾತು ಕೊಟ್ಟ ಗಂಡಸಿಗೆ ಮನೆಯಲ್ಲಿ ಮರ್ಯಾದೆ ಸಿಗುವುದು ಕಷ್ಟ. ಚಿಕ್ಕಬಳ್ಳಾಪುರದಲ್ಲಿ ಹೆಡ್‌ಮಾಸ್ತರನಾಗಿದ್ದಾಗ ನಾನು ಒಳಗಿನ ಆಚರಣೆಗಳನ್ನು ಹೊರಗೆ ಹೇಳಬಾರದೆಂಬ ಫ್ರೀಮೇಸನ್ನರ ಸಂಘ ಸೇರಿ, ತಿಂಗಳಿಗೊಮ್ಮೆ ರೈಲು ಹತ್ತಿ ಬೆಂಗಳೂರಿನ ಸಭೆಗೆ ಹೋಗುತ್ತಿದ್ದೆ. ದೇವರನ್ನು ನಂಬಿದವರು ಯಾವ ಮತದವರಾದರೂ ಅಲ್ಲಿ ಸೇರಬಹುದಿತ್ತು. ಸಭೆಯಲ್ಲಿ ಸೊಂಟಕ್ಕೆ ಬಿಳಿ ಏಪ್ರನ್ ಕಟ್ಟಿಕೊಳ್ಳಬೇಕು. ಅದು ಪೆಟ್ಟಿಗೆಯಲ್ಲಿ ಕಣ್ಣಿಗೆ ಬಿದ್ದಾಗ ನನ್ನಾಕೆ, "ಬೆಂಗಳೂರಿಗೆ ಅಡಿಗೆ ಮಾಡಕ್ಕೆ ಹೋಗ್ತೀರಾ? ಮನೇಲೂ ಒಂದಿನ ಮಾಡ್ಬಾರ್ದಾ?" ಎಂದಿದ್ದಳು.

ನಮ್ಮ ಬೀದಿಯ ದೇವಸಹಾಯಂ ಡಾಕ್ಟರೂ ಅದೇ ಸಂಘದವರು. ಆದರೆ ಅದರೊಳಗೆ ಕ್ರೈಸ್ತರಿಗೆ ಮಾತ್ರ ಮೀಸಲಾದ ಇನ್ನೊಂದು ಪಂಗಡವನ್ನೂ ಅವರು ಸೇರಿದ್ದರು. ಹಿಂದೆ ಜೆರುಸಲೇಮಿಗೆ ಹೋಗುವ ಯಾತ್ರಿಕರನ್ನು ಕಾಯುತ್ತಿದ್ದ ಯೋಧರ ನೆನಪಿಗೆ ಈ ಪಂಗಡದವರಿಗೆ ಕೆಂಪು ಶಿಲುಬೆಯ ಬಿಳಿ ನಿಲುವಂಗಿ ಮತ್ತು ಕತ್ತಿ. "ಆ ವೀರರಿಗೂ ನಮಗೂ ವಂಶದ ಸಂಬಂಧ ಏನಿಲ್ಲ ಮೇಷ್ಟ್ರೇ, ಬರೀ ನೆನಪು," ಎಂದು ಡಾಕ್ಟರೇ ನಗುತ್ತಿದ್ದರು. ತಮ್ಮ ಮನೆಗೆ ಸುಣ್ಣ ಹೊಡೆಸುವಾಗ ಎರಡನ್ನೂ ನಮ್ಮಲ್ಲಿ ತಂದಿಟ್ಟರು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

"ಅವ್ರಿಗೆ ಕತ್ತಿ, ನಿಮಗೆ ಸೊಂಟದ ಬಟ್ಟೆ. ಯಾಕೆ, ಪ್ರಮೋಷನ್ ಕೊಡ್ಲಿಲ್ವಾ?" ಎಂದಳು ನನ್ನಾಕೆ. "ಅದೆಲ್ಲ ಗುಟ್ಟು" ಎಂದು ನಾನು ಗಂಭೀರವಾಗಿ ಮೀಸೆ ತಿರುವಿದೆ. ಅವಳು ಗಂಡ ಕೈಲಾಗದವನೆಂದು ತೀರ್ಮಾನಿಸಿದಳು. ನನಗೆ ನಿಜಕ್ಕೂ ಬೇಸರವಾಯಿತು.

ಆಯುಧಪೂಜೆಯ ದಿನ ಶಾಲೆಯ ಪೂಜೆ ಮುಗಿಸಿ ಮನೆಗೆ ಬಂದು ನೋಡುತ್ತೇನೆ, ನನ್ನ ಸೈಕಲ್ಲಿಗೂ ಈಳಿಗೆಮಣೆಗೂ ನಡುವೆ ಡಾಕ್ಟರ ಕತ್ತಿ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರದೊಂದಿಗೆ ವಿರಾಜಮಾನವಾಗಿದೆ! ನಿಲುವಂಗಿಯ ಮೇಲೂ ಒಂದು ಬೊಟ್ಟು. "ಹೇಗೂ ಕೆಂಪು ಇತ್ತಲ್ಲ, ಇನ್ನೊಂದು ಚೂರು ಇದ್ರೆ ಏನಾಯ್ತು?" ಎಂದಳು. ಅಷ್ಟರಲ್ಲಿ ಡಾಕ್ಟರೇ ಬಾಗಿಲಲ್ಲಿ ನಿಂತಿದ್ದರು. ಮಾರನೆಯ ದಿನ ಸಭೆಯಂತೆ, ಎರಡನ್ನೂ ಒಯ್ಯಲು ಬಂದಿದ್ದರು. ಇವತ್ತಿಗೆ ಸ್ನೇಹ ಮುಗಿಯಿತು ಎಂದುಕೊಂಡೆ.

ಡಾಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದು ಕತ್ತಿಯ ಹಾರವನ್ನು ಬಗ್ಗಿ ನೋಡಿದರು. "ಅಮ್ಮಾ, ಈ ಕತ್ತಿಗೆ ಯಾರೂ ಇಷ್ಟು ಮರ್ಯಾದೆ ಮಾಡಿರ್ಲಿಲ್ಲ. ಬೊಟ್ಟು ಒಗೆದ್ರೆ ಹೋಗುತ್ತೆ ಬಿಡಿ," ಎಂದು ನಕ್ಕರು. ನನಗೆ ಹೋದ ಜೀವ ಬಂತು. ಡಾಕ್ಟರು ನಮ್ಮಲ್ಲೇ ಊಟಕ್ಕೆ ಕುಳಿತರು.

ಬಡಿಸುತ್ತ ನನ್ನಾಕೆ ಕೇಳಿಯೇಬಿಟ್ಟಳು: "ಡಾಕ್ಟ್ರೇ, ನಮ್ಮೋರ್ಗೂ ಒಂದು ಕತ್ತಿ ಕೊಡ್ಸಕ್ಕಾಗಲ್ವಾ?"

"ಅದು ಯೇಸುವನ್ನ ನಂಬಿದೋರ್ಗೆ ಮಾತ್ರ ಅಮ್ಮಾ, ಮೇಷ್ಟ್ರ ತಪ್ಪೇನಿಲ್ಲ. ಅಲ್ದೆ ಮೊದ್ಲು ಯಾತ್ರಿಕನ ವೇಷ ಹಾಕ್ಬೇಕು. ಕೈಲಿ ಕೋಲು, ಹೆಗಲಿಗೆ ಜೋಳಿಗೆ. ತಿನ್ನೋಕೆ ಒಣ ರೊಟ್ಟಿ, ಕುಡಿಯೋಕೆ ನೀರು. ಕತ್ತಿ ಎಲ್ಲಾ ಆಮೇಲೆ."

ಮತದ ಮಾತು ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. "ಒಣ ರೊಟ್ಟಿನಾ? ಹಂಗಾದ್ರೆ ಇವ್ರ ಕೈಲಿ ಆಗಲ್ಲ ಬಿಡಿ," ಎಂದಳು.

ಮರ್ಯಾದಸ್ಥ ಗಂಡಸಾದವನು ಆ ಮಾತಿಗೆ ಎಲೆ ಬಿಟ್ಟು ಏಳಬೇಕಿತ್ತು. ನಾನೂ ಏಳಲು ಹೊರಟಿದ್ದೆ. ಅಷ್ಟರಲ್ಲಿ ಅವಳು ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಬಿಟ್ಟಳು.