ನಮ್ಮ ಐರಿಷ್ ಬಾಸ್ ಎಂಪಿ ಆದದ್ದು

ರಾಜಕಾರಣಿಗಳನ್ನು ಊರಲ್ಲೇ ಬಿಟ್ಟು ಬಂದೆವು ಎಂದು ದೋಹಾದಲ್ಲಿ ಹಾಯಾಗಿದ್ದೆವು. ತೊಂಬತ್ತರ ದಶಕದಲ್ಲಿ ನಮ್ಮ ಆಫೀಸಿಗೆ ಬಂದ ಐರಿಷ್ ಮ್ಯಾನೇಜರ್ ಒಂದರ ಮೇಲೊಂದು ಆಘಾತ ಕೊಟ್ಟರು. ತಮ್ಮೂರಲ್ಲಿ ಕೌನ್ಸಿಲರ್ ಆಗಿದ್ದು, ಪಾರ್ಲಿಮೆಂಟಿಗೆ ನಿಂತು ಸೋತು, ಇಲ್ಲಿಗೆ ಬಂದವರು.

ಚಪ್ಪಲಿ ರಾಶಿ

ನಮ್ಮ ಉಡುಪಿಯ ಅಕೌಂಟೆಂಟರ ಮಾವ ಊರಲ್ಲಿ ತೀರಿಕೊಂಡರು. ಸಂಜೆ ಅಲ್ ಮುಂತಜಾ ಬಡಾವಣೆಯ ಅವರ ಫ್ಲ್ಯಾಟಿನ ಬಾಗಿಲಲ್ಲಿ ಚಪ್ಪಲಿ ರಾಶಿ ಬಿದ್ದಿತ್ತು. ಅಲ್ಲಿಗೆ ಬಾಸ್ ಕೋಟು ಟೈ ಹಾಕಿಕೊಂಡು ಬಂದು, ಅಲ್ಲಿದ್ದವರೆಲ್ಲರ ಕೈ ಕುಲುಕಿ, ನಿಮಗೆ ಬಂದ ಕಷ್ಟಕ್ಕೆ ವಿಷಾದ ಎಂದರು. ನಾವು ದಂಗಾದೆವು. ಅವರ ದೇಶದಲ್ಲಿ ಕೌನ್ಸಿಲರ್ ಆದವನು ಯಾರೂ ಕರೆಯದಿದ್ದರೂ ಸಾವಿನ ಮನೆಗೆ ಹೋಗಲೇಬೇಕಂತೆ. ಓಟೇ ಇಲ್ಲದ ದೋಹಾದಲ್ಲೂ ಆ ಚಟ ಬಿಟ್ಟಿರಲಿಲ್ಲ.

ಮುಂದಿನ ವಾರ ಅದೇ ಕಟ್ಟಡದ ಇನ್ನೊಂದು ಬಾಗಿಲ ಮುಂದೆ ಅಷ್ಟೇ ಚಪ್ಪಲಿ ಕಂಡರು. ನೆಟ್ಟಗೆ ಒಳಹೋಗಿ, ನಡುವೆ ಕುಳಿತಿದ್ದ ಹೆಣ್ಣುಮಗಳ ಕೈ ಕುಲುಕಿ, ಗದ್ಗದ ದನಿಯಲ್ಲಿ ಅದೇ ಮಾತು ಹೇಳಿದರು. ಅದು ಸೀಮಂತ. ಆಕೆ ಕಕ್ಕಾಬಿಕ್ಕಿಯಾಗಿ, "ಇನ್ನೂ ಎರಡು ತಿಂಗಳಿದೆ ಸರ್," ಎಂದಳು.

ಗ್ಯಾಸ್ ಕನೆಕ್ಷನ್

ಬಾಸ್ ಮತ್ತೆ ಪಾರ್ಲಿಮೆಂಟಿಗೆ ನಿಲ್ಲಲು ರಜೆ ಹಾಕಿದರು. ಎಂಪಿ ಕೋಟಾದಲ್ಲಿ ಗ್ಯಾಸ್ ಸಿಗುವ ಕಾಲ ಅದು. ಅಕೌಂಟೆಂಟರು ತಡಮಾಡದೆ, ಗೆದ್ದರೆ ಉಡುಪಿಯ ತಮ್ಮ ಮನೆಗೊಂದು ಕನೆಕ್ಷನ್ ಕೊಡಿಸಬೇಕೆಂದು ಕೇಳಿಯೇಬಿಟ್ಟರು. ನಮಗೆ ನಾಚಿಕೆಯಾಯಿತು. ಬಾಸ್ ಮಾತ್ರ ಗಂಭೀರವಾಗಿ ವಿಳಾಸ ಬರೆದುಕೊಂಡರು.

ಅಕೌಂಟೆಂಟರ ಕಣ್ಣು ತುಂಬಿತು. "ನಮ್ಮ ಎಂಪಿ ಇಷ್ಟೂ ಮಾಡಿರ್ಲಿಲ್ಲ ಮಾರಾಯ್ರೆ!"

ಹರಕೆ

ಅಸಲಿ ಆಘಾತ ನಮ್ಮ ಮನೆಯಲ್ಲೇ ಕಾದಿತ್ತು. ಮೈಸೂರಲ್ಲಿ ನಾದಿನಿಯ ಮದುವೆ. ಬಾಸ್ ನನಗೆ ರಜೆ ಒಪ್ಪಿದ್ದರು. ಅವರು ಅತ್ತ ಹೋದದ್ದೇ ತಡ, ಕುರ್ಚಿಯಲ್ಲಿ ಕೂತ ಡೆಪ್ಯುಟಿ "ರಜೆ ಮಾಫಿ" ಎಂದುಬಿಟ್ಟ. ಅರಬ್ಬಿಯಲ್ಲಿ ಮಾಫಿ ಎಂದರೆ ಇಲ್ಲ. ಬಾಸ್ ಸೋತು ವಾಪಸ್ ಬಂದರಷ್ಟೇ ನಮಗೆ ಮದುವೆಯೂಟ. ಮನೆಯಲ್ಲಿ ಹೆಂಡತಿಯ ಅಳು ನಿಲ್ಲಲಿಲ್ಲ.

ಅಷ್ಟರಲ್ಲಿ ಬಾಸ್ ಫೋನ್ ಮಾಡಿ, ಪೈಪೋಟಿ ಜೋರಿದೆ, ಪ್ರಾರ್ಥನೆ ಮಾಡಿ ಎಂದರು. ಹೆಂಡತಿ ದಿನಾ ದೇವರ ಮುಂದೆಯೇ ಕೂತಿದ್ದಾಳೆ ಎಂದೆ. ಸುಳ್ಳಲ್ಲ. ಬಾಸ್ ಸೋಲಲಿ ಎಂದು ಅವಳು ಊರ ಗಣಪತಿಗೆ ಈಡುಗಾಯಿ ಹರಕೆ ಹೊತ್ತಿದ್ದಳು.

ಬಾಸ್ ಗೆದ್ದರು. ಅಲ್ಲಿ ಒಂದೇ ಕ್ಷೇತ್ರಕ್ಕೆ ಹಲವು ಸೀಟು, ಮತದಾರರು ಒಂದು, ಎರಡು, ಮೂರು ಎಂದು ಆಯ್ಕೆ ಗುರುತಿಸುತ್ತಾರಂತೆ. ಎದುರಾಳಿಯ ಜನರ ಎರಡನೇ ಆಯ್ಕೆಯಿಂದ ಕೊನೆಯ ಸೀಟು ಇವರಿಗೆ ದಕ್ಕಿತಂತೆ. ಹೆಂಡತಿ ಗಣಪತಿಯ ಜೊತೆ ಮಾತು ಬಿಟ್ಟಳು.

ಸಂಜೆ ಬಾಸ್ ಫೋನ್ ಮಾಡಿ, ಇದು ನಿನ್ನ ಹೆಂಡತಿಯ ಪ್ರಾರ್ಥನೆಯ ಫಲ, ಏನಾಗಬೇಕು ಹೇಳು ಎಂದರು. ನಾಚಿಕೆ ಬಿಟ್ಟು ರಜೆಯ ವಿಷಯ ಹೇಳಿದೆ. ಎಂಪಿ ಸಾಹೇಬರು ನೇರ ಕಂಪನಿ ಮಾಲೀಕರಿಗೇ ಫೋನ್ ಹಚ್ಚಿದರು. ಮರುದಿನ ಡೆಪ್ಯುಟಿ ತಾನೇ ನನ್ನ ಮೇಜಿಗೆ ಬಂದು ರಜೆ ಕೊಟ್ಟು ಹೋದ.

ಮುಂದಿನ ಚುನಾವಣೆಗೂ ಇದೇ ಪ್ರಾರ್ಥನೆ ಮಾಡಬೇಕಂತೆ ಎಂದು ಹೆಂಡತಿಗೆ ಹೇಳಿದೆ. ಅವಳು ರೇಷ್ಮೆ ಸೀರೆಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದಳು.

"ಖಂಡಿತ ಮಾಡ್ತೀನಿ ಅಂತ ಹೇಳಿ," ಎಂದಳು. "ಒಂದಕ್ಷರಾನೂ ಬದಲಾಯಿಸಲ್ಲ."