ಕೊರಳ ಪುಸ್ತಕದ ಫಜೀತಿಗಳು

ಪುಸ್ತಕದ ಬೈಂಡಿಂಗ್ ಮಾಡುವವನ ಬಾಳಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ನಗಬೇಕೆಂದು ನಾನು ಯಾವತ್ತೂ ಕುಳಿತವನಲ್ಲ. ಆದರೆ ಅಳಬೇಕೆಂದು ಕುಳಿತಾಗಲೆಲ್ಲ ಯಾರಾದರೂ ಬಂದು ನಗಿಸಿ ಹೋಗಿದ್ದಾರೆ, ಅದಕ್ಕೆ ನಾನೇನು ಮಾಡಲಿ? ಗಜೇಂದ್ರಗಡದ ಪೇಟೆಯಲ್ಲಿ ನನ್ನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಗೋಣಿತಟ್ಟಿನ ಪರದೆ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬರುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು ಇದು.

ಒಂದು: ದೇವರಿಗೂ ತೆರೆಯದ ಪುಸ್ತಕ

ನನ್ನ ಹೆಂಡತಿಗೆ ಕೆಮ್ಮು ಹತ್ತಿತ್ತು. ರೋಣದ ದವಾಖಾನೆಗೆ ಕರೆದುಕೊಂಡು ಹೋದರೆ, ಒಲೆಯ ಮುಂದೆ ಕೂರಬಾರದು ಎಂದರು. ಅಂದಿನಿಂದ ರೊಟ್ಟಿ ಬಡಿಯುವ ಕೆಲಸ ನನ್ನದಾಯಿತು. ನಾನು ಬಡಿದ ರೊಟ್ಟಿಯನ್ನು ಆಕೆ ನೀರಲ್ಲಿ ನೆನೆಸಿ ತಿನ್ನುತ್ತಿದ್ದಳು. ಒಂದು ದಿನವೂ ಕುಂದು ಹೇಳಲಿಲ್ಲ, ಅದೇ ನನಗೆ ಹೆದರಿಕೆ ತಂದಿತ್ತು.

ಒಂದು ಬೆಳಿಗ್ಗೆ ಕೇಳಿದಳು: "ನನಗೊಂದು ಸಣ್ಣ ಪುಸ್ತಕ ಕಟ್ಟಿಕೊಡ್ರಿ. ಕೊರಳಾಗ ಹಾಕ್ಕೊಳ್ಳುವಷ್ಟು. ದಿನಾ ದೇವರಿಗೆ ಒಂದೊಂದು ಮಾತು ಬರೀತೀನಿ."

"ಬರದು ಪೆಟ್ಟಿಗ್ಯಾಗ ಇಟ್ಟರ ಆಗೂದಿಲ್ಲೇನು?"

"ಲಿಂಗದ ಬಾಜೂಕ ಇದ್ದರ ದೇವರಿಗೆ ದೂರ ಆಗೂದಿಲ್ಲ. ನಿಮ್ಮ ಕೈಗೂ ಸಿಗೂದಿಲ್ಲ."

ಶಾಲೆಯ ಪುಸ್ತಕಗಳ ಅಂಚು ಕೊಯ್ದಾಗ ಉಳಿಯುವ ಕಾಗದದ ಪಟ್ಟಿಗಳನ್ನು ಮಡಿಸಿ, ಮೇಣ ಸವರಿದ ದಾರದಿಂದ ಹೊಲಿದೆ. ಕಡ್ಡಿಪೆಟ್ಟಿಗೆಯಷ್ಟೇ ಗಾತ್ರ. ಆಕೆಯ ಹಳೆಯ ಖಣದ ಕುಪ್ಪಸ ಕತ್ತರಿಸಿ ರಟ್ಟಿಗೆ ಅಂಟಿಸಿದೆ, ಬೆನ್ನಿಗೆ ದಾರ ಪೋಣಿಸಲು ಒಂದು ಕುಣಿಕೆ ಬಿಟ್ಟೆ. ದೊಡ್ಡ ದಫ್ತರಗಳಿಗೆ ಸವರುವ ರೂಢಿಯಲ್ಲಿ ಇದಕ್ಕೂ ಗೋಧಿ ಅಂಟನ್ನು ಧಾರಾಳವಾಗಿ ಸವರಿ ಬೀಸುವ ಕಲ್ಲಿನ ಕೆಳಗೆ ಇಟ್ಟೆ. ಮರುದಿನ ತೆಗೆದರೆ ಹಾಳೆಗೆ ಹಾಳೆ ಹತ್ತಿಕೊಂಡು ಪುಸ್ತಕ ಇಟ್ಟಂಗಿಯಾಗಿತ್ತು. ಉಗುರು ಹಾಕಿದರೂ ಬಿಚ್ಚಲಿಲ್ಲ.

ಆಕೆ ತಿರುಗಿಸಿ ಮುರುಗಿಸಿ ನೋಡಿ, "ಇರಲಿ ಬಿಡ್ರಿ. ನಿಮ್ಮ ಬಗ್ಗೆ ಏನೂ ಹೇಳಬ್ಯಾಡ ಅಂತ ನೀವು ಬಂದೋಬಸ್ತ್ ಮಾಡೀರಿ" ಎಂದಳು.

ಎರಡು: ನರಗುಂದದ ಸಾಹುಕಾರರ ಇರುವೆಗಳು

ಎರಡನೆಯದು ಸರಿಯಾಗಿ ಬಂತು. ಆಕೆಯ ಕೊರಳಲ್ಲಿ ಅದನ್ನು ಕಂಡವರೆಲ್ಲ ತಮಗೂ ಬೇಕೆಂದರು. ನರಗುಂದದ ಕಾಳಿನ ಸಾಹುಕಾರರೊಬ್ಬರು, ದಿನಾ ದೇವರ ಹೆಸರು ಬರೆಯುತ್ತೇನೆ ಎಂದು ಒಂದು ಮಾಡಿಸಿಕೊಂಡು ಹೋದರು. ಅಂಟಿಗೆ ಹುಳ ಬೀಳದಿರಲೆಂದು ನಾವು ಮೈಲುತುತ್ತ ಹಾಕುತ್ತೇವೆ. ಅವತ್ತು ಮೈಲುತುತ್ತ ತೀರಿತ್ತು. ದೇವರ ಪುಸ್ತಕವಲ್ಲವೇ, ದೇವರೇ ಕಾಯುತ್ತಾನೆ ಎಂದು ಹಾಗೆಯೇ ಕೊಟ್ಟುಬಿಟ್ಟೆ.

ಎಂಟು ದಿನದಲ್ಲಿ ಸಾಹುಕಾರರು ಬಂದರು. ಕುತ್ತಿಗೆ ಸುತ್ತ ಕೆಂಪು ಗಂಧೆ. "ಮಧ್ಯಾಹ್ನ ಊಟಾ ಮಾಡಿ ಒಂದೀಟ ಮಲಗಿದ್ನಿ. ಇರುವಿ ಸಾಲಹಿಡದು ಎದಿಮ್ಯಾಲ ಹತ್ತಿ ಬಂದಾವ್ರಿ! ದೇವರು ಹತ್ತಿರ ಬರ್ಲಿ ಅಂತ ಕಟ್ಟಿಕೊಂಡ್ರ ಇರುವಿ ಬಂದೂ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಪರದೆಯ ಹಿಂದಿನಿಂದ ಹೆಂಡತಿ ಕೆಮ್ಮುತ್ತಲೇ ಕೇಳಿದಳು: "ಸಾಹುಕಾರ್ರ, ಅಂಗಡ್ಯಾಗ ಇರುವಿ ಬಂದ್ರ ಏನ್ ಮಾಡ್ತೀರಿ?"

"ಸಕ್ಕರಿ ಹಾಕ್ತೀವ್ರಿ. ಪುಣ್ಯ ಬರತೈತಿ ಅಂತ."

"ಹಂಗಾದ್ರ ಬರದು ಬರದು ಬರೂ ಪುಣ್ಯಾ ಮಲಗಿಕೊಂಡ ಬಂತಲ್ರಿ."

ಸಾಹುಕಾರರು ಕುತ್ತಿಗೆ ಕೆರೆದುಕೊಂಡು, ಅದೂ ಖರೇ ಎಂದು ಪುಸ್ತಕ ಮತ್ತೆ ಕಟ್ಟಿಕೊಂಡು ಹೋದರು.

ಮೂರು: ಪರದೆಯ ಹಿಂದೆ

ಕೊರಳ ಪುಸ್ತಕ ಬೇಕೆನ್ನುವ ಹೆಂಗಸರಲ್ಲಿ ಬಹಳ ಮಂದಿಗೆ ಬರೆಯಲು ಬರುತ್ತಿರಲಿಲ್ಲ. ನನ್ನ ಹೆಂಡತಿ ಸಾಲಿ ಕಲಿತವಳು, ಅಕ್ಷರ ರಾಗಿಕಾಳಿನಷ್ಟು ಸಣ್ಣ, ಮುತ್ತಿನಷ್ಟು ದುಂಡು. ಅವರು ಪರದೆಯ ಹಿಂದೆ ಕುಳಿತು ಹೇಳುವರು, ಆಕೆ ಬರೆಯುವಳು. ನನಗೆ ಕೇಳಲು ಪರವಾನಗಿ ಇರಲಿಲ್ಲ. ಕಿವಿಗೊಟ್ಟೆನೆಂದು ಅನುಮಾನ ಬಂದರೆ, "ಸೂಜಿ ಸಪ್ಪಳ ನಿಂತೇತಿ" ಎಂದು ಒಳಗಿನಿಂದ ಗದರುವಳು.

ಲಕ್ಕಲಕಟ್ಟಿಯ ಅತ್ತೆ ಸೊಸೆ ಒಂದೇ ದಿನ ಬಂದರು. ಒಬ್ಬರು ಬರೆಸುವಾಗ ಇನ್ನೊಬ್ಬರು ಹೊರಗೆ ಕಟ್ಟೆಯ ಮೇಲೆ. ಇಬ್ಬರೂ ಕಣ್ಣೊರೆಸಿಕೊಂಡೇ ಹೊರಬಂದರು. ಆಮೇಲೆ ಅದೇ ಕಟ್ಟೆಯ ಮೇಲೆ ಒಂದೇ ಬುತ್ತಿಯ ರೊಟ್ಟಿ ಹಂಚಿಕೊಂಡು ತಿಂದು ಒಂದೇ ಚಕ್ಕಡಿಯಲ್ಲಿ ಹೋದರು. ಏನು ಬರೆಸಿದರು ಎಂದು ಕೇಳಿದರೆ ಹೆಂಡತಿ, "ದೇವರಿಗೆ ಇವತ್ತ ಭಾಳ ತ್ರಾಸ ಐತಿ" ಎಂದಳು, ಅಷ್ಟೇ.

ಯಾವಗಲ್ಲಿನ ಒಬ್ಬ ಮುದುಕಿ ಮಾತ್ರ ನಾಲ್ಕು ಸಲ ಬಂದಳು. ತನಗೂ ಅದೇ ಖಣದ ರಟ್ಟೇ ಬೇಕೆಂದು ಹಟ ಮಾಡಿ ಮಾಡಿಸಿಕೊಂಡಳು. ಆಕೆ ಹೇಳಿದಷ್ಟೂ ನನ್ನ ಹೆಂಡತಿಗೆ ನಗೆ, ನಕ್ಕಷ್ಟೂ ಕೆಮ್ಮು. ಕೊನೆಯ ಸಲ ಹಾಸಿಗೆಯಿಂದ ಎದ್ದು ಕುಳಿತು ಬರೆಯುತ್ತಿದ್ದಳು. "ಸಾಕು ಬಿಡಬಾರದ?" ಎಂದೆ. "ಆಯೀದು ಇನ್ನ ಉಳದೇತಿ. ನಂದು ಮುಗದೈತಿ" ಎಂದಳು. ಆ ಮಾತಿಗೆ ನನಗೆ ತಡೆಯಲಾಗದ ಸಂಕಟವಾಯಿತು. ಆಕೆ ಅದನ್ನು ನೋಡಿ, "ಪುಸ್ತಕದ ಮಾತು ಹೇಳಿದ್ನಿ, ಅಂಟು ತಳಾ ಹತ್ತಾಕತ್ತೇತಿ ನೋಡ್ರಿ" ಎಂದಳು.

ನಾಲ್ಕು: ಅವಸರವಿಲ್ಲ

ಅದಾದ ಆರನೆಯ ದಿನ ಆಕೆ ಹೋದಳು.

ಅಸೂಟಿಯಿಂದ ನನ್ನ ಅಕ್ಕ ಬಂದು ಹೆಂಗಸರ ಜೊತೆ ಮೈ ತೊಳೆಸುವ ಕೆಲಸ ನೋಡಿದಳು. ಪುಸ್ತಕ ನೆನೆಯಬಾರದೆಂದು ಬಿಚ್ಚಿ ಗೋಡೆಯ ಮಾಡದಲ್ಲಿ ಇಟ್ಟಳು. ಬರೆಯುವುದು ಇನ್ನೂ ಉಳಿದಿತ್ತೆಂದು ಮುದುಕಿ ಬಿಟ್ಟುಹೋಗಿದ್ದ ಪುಸ್ತಕವೂ ಅಲ್ಲೇ ಇತ್ತು. ಮಣ್ಣು ಮಾಡಿಸಲು ಬಂದಿದ್ದ ಮಠದ ಅಯ್ಯನವರು, "ಕೊರಳಾಗ ಇದ್ದದ್ದು ಆಕಿ ಜೋಡೀನ ಹೋಗಬೇಕು, ತರ್ರಿ" ಎಂದರು.

ನನ್ನಿಂದಾಗಲಿಲ್ಲ. ಆಕೆ ದೇವರಿಗೆ ಏನು ಹೇಳಿದ್ದಳೋ, ನನ್ನ ಬಗ್ಗೆ ಒಂದು ಮಾತಾದರೂ ಇತ್ತೋ ಇಲ್ಲವೋ, ಅದೆಲ್ಲ ಮಣ್ಣಿಗೆ ಹೋಗಿಬಿಟ್ಟರೆ ನನಗೆ ಉಳಿಯುವುದೇನು? ಮಾಡದ ಹತ್ತಿರ ಹೋದೆ. ಎರಡಕ್ಕೂ ಒಂದೇ ಖಣ. ಆದರೆ ಒಂದರ ದಾರ ಹೊಸದು, ಇನ್ನೊಂದರದು ಆಕೆಯ ಬೆವರು ಕುಡಿದು ಕಪ್ಪಾದದ್ದು. ಕಪ್ಪು ದಾರದ್ದನ್ನು ಅಂಗಿಯ ಒಳಗೆ ಇಟ್ಟುಕೊಂಡು, ಹೊಸ ದಾರದ್ದನ್ನು ಅಯ್ಯನವರ ಕೈಗೆ ಕೊಟ್ಟೆ. ಮುದುಕಿಗೆ ಇನ್ನೊಂದು ಕಟ್ಟಿ ಯಾರ ಕೈಯಿಂದಲಾದರೂ ಬರೆಸಿಕೊಟ್ಟರಾಯಿತು ಎಂದುಕೊಂಡೆ. ಹೆಂಡತಿಯ ಮಣ್ಣಿನ ದಿನವೇ ಕಳ್ಳನಾದೆ.

ಎಲ್ಲ ಮುಗಿದು ಕೈಕಾಲು ತೊಳೆಯುವಾಗ ಅಯ್ಯನವರು ನನ್ನ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈಯಿಟ್ಟರು. ಸಮಾಧಾನ ಹೇಳುತ್ತಾರೆಂದು ತಲೆ ಬಾಗಿಸಿದೆ. "ಭಾಳ ಚಂದ ಕಟ್ಟೀರಿ. ನನಗೂ ಒಂದು ಮಾಡ್ರಿ" ಎಂದವರು, ಸುತ್ತ ಒಮ್ಮೆ ನೋಡಿ ಮೆಲ್ಲಗೆ ಸೇರಿಸಿದರು: "ಅವಸರ ಏನಿಲ್ಲ ಮತ್ತ."

ಐದು: ನಾನು ಮಾಡಿದ ಪಾಪಗಳು

ಮೂರು ದಿನ ಪುಸ್ತಕ ತೆರೆಯಲು ಧೈರ್ಯವಾಗಲಿಲ್ಲ. ನಾಲ್ಕನೆಯ ದಿನ ಅಂಗಡಿಯ ಬಾಗಿಲು ಹಾಕಿಕೊಂಡು ತೆರೆದೆ. ಆಕೆಯದೇ ಅಕ್ಷರ.

"ಶಿವನೇ, ಕೇಳು. ಈ ಗಂಡಸು ನನ್ನ ಕೂಡ ಒಂದಿನ ನಕ್ಕು ಮಾತಾಡಲಿಲ್ಲ." ಎದೆಗೆ ಒದ್ದಂತಾಯಿತು. ಖರೇ ಮಾತು. ನಗಿಸಿದ್ದೆಲ್ಲ ಆಕೆಯೇ, ನಾನು ಸೂಜಿ ನೋಡುತ್ತ ಕುಳಿತಿದ್ದೆ.

"ಎಲಿ ಅಡಿಕಿ ಉಗುಳಿ ಗ್ವಾಡಿ ಕೆಂಪ ಮಾಡ್ಯಾನ." ಅದೂ ಖರೇ. ಅವತ್ತೇ ಎಲೆಯಡಿಕೆ ಬಿಟ್ಟೆ, ಗೋಡೆಗೆ ಸುಣ್ಣ ಬಳಿದೆ.

"ಮೀಸಿ ತಿರುವಿಕೋತ ಕುಂದರತಾನ." ನನಗೆ ಮೀಸೆ ಇಲ್ಲ. ಯಾವತ್ತೂ ಇರಲಿಲ್ಲ. ಬಹಳ ಹೊತ್ತು ಯೋಚಿಸಿದೆ. ಒಳಗಿನ ಗರ್ವವನ್ನು ಹೇಳಿರಬೇಕು ಎಂದುಕೊಂಡು ಕಣ್ಣೊರೆಸಿಕೊಂಡೆ.

"ತವರಮನಿಯಿಂದ ತಂದ ನನ್ನ ಎಮ್ಮೀನ ನನಗ ಕೇಳದ ಮಾರಿದ." ಆಕೆಯ ತವರಿನವರು ನೇಕಾರರು. ಎಮ್ಮೆ ಕಟ್ಟಿದವರೇ ಅಲ್ಲ. ಆಕೆ ತಂದದ್ದು ಒಂದು ತಾಮ್ರದ ಹಂಡೆ, ಅದನ್ನು ನಾನು ಅಂಟು ಕುದಿಸಲು ಇಟ್ಟುಕೊಂಡು ಮಸಿ ಹಿಡಿಸಿದ್ದೆ. ಕಪ್ಪಗೆ, ದೊಡ್ಡ ಹೊಟ್ಟೆಯದು. ಅದನ್ನೇ ಎಮ್ಮೆ ಎಂದಿದ್ದಾಳೆ! ಬಾಯಿಬಿಟ್ಟು ಹೇಳಲಾರದೆ ದೇವರ ಹತ್ತಿರ ಹೇಳಿಕೊಂಡಿದ್ದಾಳೆ. ನಾನು ಹಂಡೆಯನ್ನು ತಬ್ಬಿಕೊಂಡು ಅತ್ತೆ.

ಅಷ್ಟಕ್ಕೇ ಮನಸ್ಸು ನಿಲ್ಲಲಿಲ್ಲ. ಸಂತೆಗೆ ಹೋಗಿ ಒಂದು ಎಮ್ಮೆ ತಂದು ಅಂಗಡಿಯ ಮುಂದೆ ಕಟ್ಟಿದೆ. ಅದು ವಾರದೊಳಗೆ ಬೈಂಡಿಂಗಿಗೆ ಬಂದ ಶಾಲೆಯ ಹಾಜರಿ ಪುಸ್ತಕವನ್ನು ಅಂಟಿನ ರುಚಿಗೆ ಸುಳಿವಿಲ್ಲದಂತೆ ತಿಂದಿತು. ಹೆಡ್ ಮಾಸ್ತರರು ಬಂದು ಎಮ್ಮೆಯ ಮುಖವನ್ನೇ ದಿಟ್ಟಿಸಿ, "ಮೂರನೇ ಇಯತ್ತೆ ಪೂರಾ ಇದರ ಹೊಟ್ಟ್ಯಾಗ ಹಾಜರ್ ಐತಿ" ಎಂದು ಹೋದರು.

ಆರು: ಮುದುಕಿ ಬಂದಳು

ತಿಂಗಳಾದ ಮೇಲೆ ಅಕ್ಕ ಮತ್ತೆ ಬಂದಿದ್ದಳು. ಅದೇ ದಿನ ಯಾವಗಲ್ಲಿನ ಮುದುಕಿಯೂ ಬಸ್ಸಿನಿಂದಿಳಿದು ಬಂದು ನನ್ನ ಹೆಂಡತಿಗಾಗಿ ಅತ್ತಳು. ಆಮೇಲೆ ತನ್ನ ಪುಸ್ತಕ ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಯವ್ವಾ, ತಪ್ಪಾಗೇತಿ. ಆಕೀದು ನಾ ಇಟ್ಟುಕೊಳ್ಳಾಕ ನಿಂದು ಮಣ್ಣಿಗೆ ಕೊಟ್ನಿ."

ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ನಮ್ಮಪ್ಪಾ! ನನ್ನ ಗಂಡನ ಮ್ಯಾಲಿನ ಫಿರ್ಯಾದಿ ಎಲ್ಲಾ ಅದರಾಗ ಇತ್ತಲ್ಲೋ! ಅಂವಾ ಸತ್ತು ಮ್ಯಾಲ ಹೋಗಿ ಭಾಳ ವರ್ಷ ಆದೂ. ದೇವರ ಮುಂದ ತನ್ನದಷ್ಟ ಹೇಳಿರತಾನ. ನಾನೂ ಹೋಗೂದರೊಳಗ ನನ್ನ ಎಮ್ಮಿ ಸುದ್ದೀನೂ ಬರದಿಟ್ಟಿರಲಿ ಅಂತ..."

"ಯಾವ ಎಮ್ಮಿ?"

"ತವರಮನಿ ಎಮ್ಮಿ. ಆ ಮೀಸಿ ತಿರುವೋ ಭಾಡ್ಯಾ ಮಾರಿದ್ನಲ್ಲ!"

ಅಂಗಿಯೊಳಗಿನಿಂದ ಪುಸ್ತಕ ತೆಗೆದೆ. ಅಕ್ಕ ಅದರ ದಾರ ನೋಡಿ ಬಾಯಿಗೆ ಸೆರಗು ಹಿಡಿದಳು. "ತಮ್ಮಾ, ದೇವರ ಹತ್ತರ ಹೋಗೂದು ಹೊಲಸು ದಾರದಾಗ ಬ್ಯಾಡ ಅಂತ ಇದರ ಹೊಸಾ ದಾರಾ ಬಿಚ್ಚಿ ಆಕೀದಕ್ಕ ಹಾಕಿದ್ನಿ. ಹಳೇದನ್ನ ಇದಕ್ಕ ಕಟ್ಟಿಟ್ನಿ."

ಅಂದರೆ ನನ್ನ ಕಳ್ಳತನ ದಕ್ಕಲಿಲ್ಲ. ಆಕೆಯ ಮಾತು ಆಕೆಯ ಜೊತೆಗೇ ಹೋಗಿತ್ತು.

"ಆಕಿ ತನ್ನ ಪುಸ್ತಕದಾಗ ಏನ್ ಬರೀತಿದ್ಲು, ನಿನಗೇನರ ಹೇಳಿದ್ಲೇನ ಯವ್ವಾ?" ಎಂದು ಮುದುಕಿಯನ್ನು ಕೇಳಿದೆ.

"ಕೇಳಿದ್ನಿ. 'ನಿಂದು ನನಗ ಗೊತ್ತಾತು, ನಂದು ಶಿವನಿಗಷ್ಟ ಗೊತ್ತಿರ್ಲಿ' ಅಂದ್ಲು."

ಆಮೇಲೆ ಎಮ್ಮೆ ಎಲ್ಲಿಂದ ಬಂತೆಂದು ಅಕ್ಕ ವಿವರಿಸಿದಳು. ಮುದುಕಿ ಎದ್ದು ಹೊರಗೆ ಹೋಗಿ ಎಮ್ಮೆಯ ಕೊಂಬು ಮುಟ್ಟಿದಳು, ಬೆನ್ನು ಸವರಿದಳು, ಒಳಗೆ ಬಂದು ಗಂಭೀರವಾಗಿ ಹೇಳಿದಳು: "ಬರಸಿದ ತಿಂಗಳದಾಗ ದೇವರು ಎಮ್ಮಿ ಕಳಿಸ್ಯಾನ. ನಾ ಹೊಡಕೊಂಡು ಹೊಂಟೆ. ಆ ಸಾಲು ಕಾಟು ಹೊಡಿ ತಮ್ಮಾ, ಫಿರ್ಯಾದಿ ಇತ್ಯರ್ಥ ಆತು."

ಲೇಖಣಿ ಹಿಡಿದೆ. ಆಕೆಯ ಅಕ್ಷರದ ಮೇಲೆ ಗೀಟು ಎಳೆಯಲು ಕೈ ಏಳಲಿಲ್ಲ. ಮುದುಕಿ ಪುಸ್ತಕ ನನ್ನ ಕೈಯಿಂದ ತೆಗೆದುಕೊಂಡು, ಆ ಒಂದು ಹಾಳೆಯನ್ನು ಹೊಲಿಗೆಯಿಂದ ಮೆಲ್ಲಗೆ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. "ನನಗ ಎಮ್ಮಿ ಸಿಕ್ಕೇತಿ. ಇದು ನಿನಗಿರಲಿ" ಎಂದಳು.

ಆ ಹಾಳೆಗೆ ಎರಡು ರಟ್ಟು ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ. ದಿನಾ ಪೂಜೆಯಾದ ಮೇಲೆ ಕಣ್ಣಿಗೊತ್ತಿಕೊಳ್ಳುತ್ತೇನೆ. ಮೊನ್ನೆ ಅಯ್ಯನವರು ಕಂಡು, ಕೈಮುಗಿದು, ಅದರೊಳಗೆ ಯಾವ ಮಂತ್ರ ಇದೆ ಎಂದು ಕೇಳಿದರು.

"ನನ್ನ ಎಮ್ಮೀನ ನನಗ ಕೇಳದ ಮಾರಿದ ಅಂತ ಐತ್ರಿ" ಎಂದೆ.