ಗೋಡೆ ಮೇಲಿನ ತೊಗರಿ ಧಾರಣೆ

ತೊಗರಿ ವ್ಯಾಪಾರಕ್ಕೆ ಇಳಿದವನ ತಲೆ ಕೆಡಲು ಬೇರೆ ಕಾರಣವೇ ಬೇಕಿಲ್ಲ. ದಿನ ಬೆಳಗಾದರೆ ಒಂದಿಲ್ಲೊಂದು ನಡೆದೇ ಇರುತ್ತದೆ. ನಿಜಾಮರ ಕಾಲದಲ್ಲಿ ತಾಂಡೂರಿನಲ್ಲಿ ನಮ್ಮಣ್ಣನದೂ ನನ್ನದೂ ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿ ಇತ್ತು. ಮುಂಬಯಿಯ ಸೇಠ್ ಒಬ್ಬ ಅಣ್ಣನಿಗೆ ಹೊಸ ವಿದ್ಯೆ ಕಲಿಸಿಹೋದ. ದಿನದ ಧಾರಣೆಗೆ ಗೋಡೆಯ ಮೇಲೆ ಇದ್ದಿಲಿನಿಂದ ಚುಕ್ಕಿ ಇಟ್ಟು ಕೂಡಿಸಿದರೆ, ಗೆರೆಯ ಆಕಾರವೇ ಮುಂದಿನ ಧಾರಣೆ ಹೇಳುತ್ತದಂತೆ. ಆ ವರ್ಷ ಇಬ್ಬರ ಬಂಡವಾಳವೂ ಗೋದಾಮಿನ ತೊಗರಿಯಲ್ಲಿತ್ತು. ಮಾರುವುದೋ ಇಟ್ಟುಕೊಳ್ಳುವುದೋ, ಗೋಡೆಯೇ ಹೇಳಬೇಕು.

೧. ತಲೆ, ಹೆಗಲು

ಗೆರೆಯಲ್ಲಿ ನಡುವೆ ದೊಡ್ಡ ಉಬ್ಬು, ಅತ್ತಿತ್ತ ಎರಡು ಸಣ್ಣವು ಎದ್ದವು.

"ಇದು ತಲಿ, ಇವೆರಡು ಹೆಗಲು. ಹಿಂಗ ಬಂದ್ರ ಧಾರಣಿ ಬೀಳ್ತದಂತ ಸೇಠ್ ಹೇಳ್ಯಾನ. ಇವತ್ತೇ ಮಾರಬೇಕು" ಎಂದ ಅಣ್ಣ.

ಮಾಲು ತಂದಿದ್ದ ಕಂಗ್ಟಿಯ ರೈತ ಗೋಡೆಯನ್ನೇ ನೋಡುತ್ತಿದ್ದ. "ತಲಿ ಎಲ್ಲದರಿ ಸಾವ್ಕಾರ್ರ? ಇದು ಕುಂತ ಒಂಟಿ ಇದ್ದಂಗ ಅದ."

ಒಂಟೆಯೆಂದ ಕೂಡಲೇ ಅಣ್ಣ ಗಾಬರಿಯಾದ. "ಒಂಟಿ ಬಂದ್ರ ಏನಾಗ್ತದೋ?"

"ಕುಂತಿದ್ದು ಏಳ್ತದಲ್ರಿ."

ಅಣ್ಣ ಮಾರಲಿಲ್ಲ.

೨. ಪರೀಕ್ಷೆ

"ಈ ಗೆರಿ ಖರೇ ಹೇಳ್ತದಂತ ಏನು ಗ್ಯಾರಂಟಿ?" ಎಂದು ನಾನು ಜಗಳ ತೆಗೆದೆ. ಪರೀಕ್ಷೆಗೆಂದು ಅಣ್ಣ ರೈಲು ದಿನಾ ಎಷ್ಟು ತಡವಾಗುತ್ತದೆಂದು ಇನ್ನೊಂದು ಗೆರೆ ಎಳೆದ. ತಡ ಕಡಿಮೆಯಾಗುತ್ತ ಗೆರೆ ಚೆಂದಾಗಿ ಇಳಿಯಿತು. ಅಣ್ಣ ಹಿಗ್ಗಿನಿಂದ ಸ್ಟೇಷನ್ ಮಾಸ್ತರರಿಗೆ ಹೇಳಲು ಹೋದ, ಮುಖ ಇಳಿಬಿಟ್ಟುಕೊಂಡು ಬಂದ.

"ಹಿಂಗೇ ಇಳಕೋತ ಹೋದ್ರ ನಾಳಿನ ಗಾಡಿ ಇವತ್ತೇ ಬರ್ತದೇನ್ರಿ ಅಂತ ಕೇಳಿದ್ರು" ಎಂದವನು ಗೆರೆಯತ್ತ ತಿರುಗಿ, "ಬರಂಗಿಲ್ಲೇನು?" ಎಂದ.

೩. ಏರಿತೋ, ಇಳಿಯಿತೋ

ಅಣ್ಣ ಮದುವೆಗೆಂದು ಕೊಹೀರಿಗೆ ಹೋಗುವಾಗ ಗೋಡೆಯನ್ನು ಲೆಕ್ಕ ಬರೆಯುವ ನಮ್ಮ ಮುನಶಿಗೆ ಒಪ್ಪಿಸಿದ. ಹಳೇ ಗೋಡೆ ತುಂಬಿದ್ದರಿಂದ ಮುನಶಿ ಪಕ್ಕದ ಗೋಡೆಯ ಮೇಲೆ ಹೊಸ ಗೆರೆ ಎಳೆದರು.

ಅಣ್ಣ ಬರುವಾಗ ಜಹೀರಾಬಾದಿನ ಖರೀದಿದಾರನೊಬ್ಬ ಜೊತೆಗಿದ್ದ. ಗೆರೆ ಎಡದಿಂದ ಬಲಕ್ಕೆ ಮೆಟ್ಟಿಲಿನಂತೆ ಏರಿತ್ತು.

"ಹ್ಯಾಂಗ ಏರ್ಯದ ನೋಡ್ರಿ! ನಾ ಮಾರಂಗಿಲ್ಲ" ಎಂದು ಅಣ್ಣ ಕುಣಿದ. ಖರೀದಿದಾರ ಅವಸರದಿಂದ ಬೆಲೆ ಹೆಚ್ಚಿಸಿದ.

ಮುನಶಿ ಕೆಮ್ಮಿದರು. "ಹುಜೂರ್, ಧಾರಣಿ ಇಳದದರಿ." ಉರ್ದು ಬರೆದು ಪಳಗಿದ ಕೈ, ಬಲಗಡೆ ಶುರು ಮಾಡಿ ಎಡಕ್ಕೆ ಬಂದಿದ್ದರು!

ಅಣ್ಣ ಗಾದಿಯ ಮೇಲೆ ಕುಸಿದ. ಆದರೂ ಅಣ್ಣ ಸುಳ್ಳಾಡುವವನಲ್ಲ. "ತಪ್ಪಾತ್ರಿ. ಗೆರಿ ಈ ಕಡಿಯಿಂದ ನೋಡಬೇಕು. ಧಾರಣಿ ಬಿದ್ದದ."

ಖರೀದಿದಾರ ನಕ್ಕ. "ನನಗ ಟೊಪಗಿ ಹಾಕಬ್ಯಾಡ್ರಿ. ಮಾಲು ಬಿಡಬಾರದಂತ ನಾಟಕ ಮಾಡಾಕತ್ತೀರಿ." ಇನ್ನಷ್ಟು ಹೆಚ್ಚಿಸಿದ.

"ದೇವರಾಣಿ, ಬಿದ್ದದರಿ!" ಎಂದೆ ನಾನು. ಮತ್ತೂ ಹೆಚ್ಚಿಸಿದ. ಮುನಶಿಯೂ ಆಣೆ ಮಾಡಿದರು. ಆತ ಎದ್ದು ಗೋದಾಮಿನ ಬಾಗಿಲಿಗೇ ಅಡ್ಡ ನಿಂತ. ಅಷ್ಟೂ ತೊಗರಿ ಕೊಟ್ಟು ಕೈಮುಗಿದೆವು.

ನಾವು ಬದುಕಿದೆವು ಎನ್ನುವಷ್ಟರಲ್ಲಿ ಮುಂದಿನ ವಾರ ಧಾರಣೆ ನಿಜವಾಗಿಯೂ ಏರಿತು. ಆತ ಕೊಟ್ಟದ್ದನ್ನೂ ದಾಟಿಹೋಯಿತು. ಗೆದ್ದೆವೋ ಸೋತೆವೋ ತಿಳಿಯದೆ ಅಣ್ಣ ಗೋಡೆ ನೋಡುತ್ತ ಕುಳಿತ.

ಮುನಶಿ ಇದ್ದಿಲು ಹಿಡಿದು ಬಂದರು. "ಹುಜೂರ್, ಇನ್ನ ಯಾವ ಕಡಿಯಿಂದ ಶುರು ಮಾಡ್ಲಿ?"

"ನಡುವಿಂದ ಶುರು ಮಾಡ್ರಿ" ಎಂದ ಅಣ್ಣ. "ಯಾವ ಕಡಿ ಹೋಗಬೇಕಂತ ಧಾರಣಿನೇ ನೋಡ್ಕೊಳ್ಳಲಿ."